ಜಿಂಕೆ ಅವರದು, ಕಡ್ಲೆಕಾಯಿ ನಮ್ಮದು

ಮಡಕಶಿರಾ ಕಡೆಯಿಂದ ಮಧುಗಿರಿ ಕಡೆಗೆ ಹೋಗುವವರಿಗೆ ರಾಜ್ಯದ ಗಡಿ ಯಾವಾಗ ದಾಟಿದೆವು ಅಂತ ತಿಳಿಯೋದು ರಸ್ತೆ ಪಕ್ಕದ ಬೋರ್ಡಿನಿಂದ ಮಾತ್ರ. ಮಣ್ಣು ಅದೇ ಕೆಮ್ಮಣ್ಣು, ಬೆಳೆ ಅದೇ ಕಡ್ಲೆಕಾಯಿ ಮತ್ತು ರಾಗಿ, ಟೀ ಅಂಗಡಿಯ ಮಾತು ಒಂದು ವಾಕ್ಯ ಕನ್ನಡ, ಇನ್ನೊಂದು ತೆಲುಗು. 1953ರಲ್ಲಿ ಆಂಧ್ರ ಆಯಿತು, 1956ರಲ್ಲಿ ವಿಶಾಲ ಮೈಸೂರು ಆಯಿತು, ನಾವು ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರಂ, ಗುಡಿಬಂಡದ ಕನ್ನಡಿಗರು ಆಚೆ ಕಡೆಯೇ ಉಳಿದೆವು. 2022ರಲ್ಲಿ ನಮ್ಮ ಜಿಲ್ಲೆಯ ಹೆಸರು ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಆಯಿತು. ಇದೆಲ್ಲ ಕಾಗದದ ಲೆಕ್ಕ. ಈ ಲೆಕ್ಕಕ್ಕೆ ಇವತ್ತಿಗೂ ಒಗ್ಗದ ಪ್ರಾಣಿ ಒಂದಿದೆ. ಅದೇ ಕೃಷ್ಣಮೃಗ. ನಮ್ಮ ತೆಲುಗು ಅಣ್ಣತಮ್ಮಂದಿರು 'ಕೃಷ್ಣ ಜಿಂಕ' ಅನ್ನುತ್ತಾರೆ. ಊರ ಕಡೆ ಎರಡೂ ಭಾಷೆಯವರು ಬರೀ 'ಜಿಂಕೆ' ಅಂತ ಬೈಯುತ್ತೇವೆ.

ಬೈಯುವುದಕ್ಕೆ ಕಾರಣ ಉಂಟು. ಮುಂಗಾರು ಹದವಾಗಿ ಬಂದು, ಬಿತ್ತನೆ ಬೀಜಕ್ಕೆ ಸಾಲ ಮಾಡಿ ಕಡ್ಲೆಕಾಯಿ ಇಟ್ಟು, ಸಾಲು ಹಸುರಾಗಿ ಎದ್ದ ಹೊತ್ತಿಗೆ ಹಿಂಡು ಬಂದರೆ ಚಿಗುರು ಕತ್ತರಿಸಿದ ಹಾಗೆ ತಿಂದು ಹೋಗುತ್ತದೆ. ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಹೊಲದ ಸುತ್ತ ಹಳೇ ಸೀರೆ ಕಟ್ಟುವುದು, ಬೆದರುಬೊಂಬೆ ನಿಲ್ಲಿಸುವುದು, ತಗಡಿನ ಡಬ್ಬ ಬಡಿಯುವುದು, ಅಟ್ಟಣೆ ಹಾಕಿ ರಾತ್ರಿ ಕೂರುವುದು ಎಲ್ಲವೂ ನಡೆಯುತ್ತದೆ. ಮೊದಲ ವಾರ ಸೀರೆಗೆ ಹೆದರುತ್ತದೆ, ಎರಡನೇ ವಾರ ಸೀರೆಯ ಕೆಳಗೆ ತೂರಿ ಬರುತ್ತದೆ, ಇಲ್ಲವೇ ಮೇಲೆ ನೆಗೆಯುತ್ತದೆ. ಕವಿಗಳಿಗೆ ಜಿಂಕೆಯ ಕಣ್ಣು ಕಾಣುತ್ತದೆ, ರೈತನಿಗೆ ಅದರ ಹಲ್ಲು ಕಾಣುತ್ತದೆ. ಎರಡೂ ಕೆಲಸ ಮಾಡುವ ನನ್ನಂಥವನ ಪಾಡು ನೀವೇ ಊಹಿಸಿ.

ಇಷ್ಟೊಂದು ಜಿಂಕೆ ಈ ಬಯಲಿನಲ್ಲಿ ಉಳಿದದ್ದು ಹೇಗೆ, ಅದನ್ನು ಉಳಿಸಲು ಹೊರಟವರು ಯಾರು, ಅದರ ಖರ್ಚು ಯಾರ ತಲೆಗೆ ಬಂತು ಅನ್ನುವುದನ್ನು ಬರೆಯೋಣ ಅಂತ ಈ ಲೇಖನ.

ಮೈದನಹಳ್ಳಿಯ ಬಯಲು

ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ನದಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಹಿಂದೂಪುರದ ಕಡೆ ಬಂದು ಉತ್ತರ ಪಿನಾಕಿನಿಗೆ ಸೇರುತ್ತದೆ. ನದಿ ಅನ್ನುವುದು ಗೌರವಕ್ಕೆ, ವರ್ಷದಲ್ಲಿ ಬಹುಪಾಲು ಮರಳೇ. ಈ ನದಿಯ ಆಸುಪಾಸಿನಲ್ಲಿ, ಮಧುಗಿರಿ ತಾಲ್ಲೂಕು ಆಂಧ್ರಕ್ಕೆ ತಾಗುವ ತುದಿಯಲ್ಲಿ ಮೈದನಹಳ್ಳಿ ಇದೆ. ಊರ ಪಕ್ಕದ ಹುಲ್ಲುಬಯಲು ಹೊರಗಿನವರ ಕಣ್ಣಿಗೆ ಬೀಳು. ಮರ ಇಲ್ಲ, ನೆರಳಿಲ್ಲ, ಬೇಸಿಗೆಯಲ್ಲಿ ಒಣಗಿದ ಹುಲ್ಲು, ಅಲ್ಲಲ್ಲಿ ಕುರುಚಲು. ಆದರೆ ಕೃಷ್ಣಮೃಗಕ್ಕೆ ಬೇಕಾದ್ದು ಇದೇ. ದಟ್ಟ ಕಾಡಿನಲ್ಲಿ ಅದು ಬದುಕುವುದಿಲ್ಲ. ಶತ್ರು ದೂರದಿಂದ ಕಾಣಬೇಕು, ಕಂಡ ಕೂಡಲೇ ಓಡಲು ಬಯಲು ಬೇಕು. ಕಾಲೇ ಅದಕ್ಕೆ ಆಯುಧ.

ಗಂಡು ಬಲಿತಂತೆ ಮೈ ಕಪ್ಪಾಗುತ್ತದೆ, ತಿರುಪು ಕೊಂಬು ಉದ್ದ ಬೆಳೆಯುತ್ತದೆ, ಹೊಟ್ಟೆ ಬಿಳಿಯಾಗಿಯೇ ಉಳಿಯುತ್ತದೆ. ಹೆಣ್ಣು, ಮರಿ ಕಂದು ಬಣ್ಣ. ಗಂಡು ಒಂದು ತುಂಡು ಜಾಗ ಹಿಡಿದು, ಅಲ್ಲೇ ಹಿಕ್ಕೆ ಹಾಕಿ ಗುರುತು ಮಾಡಿ, ಇನ್ನೊಂದು ಗಂಡು ಬಂದರೆ ಕೊಂಬು ಕೊಟ್ಟು ಕಾದಾಡುತ್ತದೆ. ಸರ್ವೆ ನಂಬರು, ಬದು ಜಗಳ ನಮ್ಮಲ್ಲಿ ಮಾತ್ರ ಇಲ್ಲ ಅಂತ ಆಯಿತು. ಇದರ ಹಳೇ ವೈರಿ ಚೀತಾ ಭಾರತದಲ್ಲಿ ನಿರ್ನಾಮವಾಯಿತು ಅಂತ 1952ರಲ್ಲೇ ಸರಕಾರ ಒಪ್ಪಿತು. ಉಳಿದ ದೊಡ್ಡ ವೈರಿ ತೋಳ. ಕುರಿಗಾರನಿಗೆ ತೋಳ ಆಗದು, ಕಡ್ಲೆಕಾಯಿ ರೈತನಿಗೆ ಜಿಂಕೆ ಆಗದು. ತೋಳ ಜಿಂಕೆಯನ್ನು ತಿನ್ನುತ್ತದೆ. ಒಂದೇ ಮನೆಯಲ್ಲಿ ಕುರಿಯೂ ಕಡ್ಲೆಕಾಯಿ ಹೊಲವೂ ಇದ್ದರೆ ಯಾರ ಪಕ್ಷ ಹಿಡಿಯಬೇಕು ಅನ್ನುವುದೇ ತೊಡಕು.

ಈ ಬಯಲನ್ನು ಸರಕಾರದ ಗಮನಕ್ಕೆ ತಂದವರು ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ ಅನ್ನುವ ಸಂಸ್ಥೆಯವರು. ಟಿ.ವಿ.ಎನ್. ಮೂರ್ತಿ, ಬಿ.ವಿ. ಗುಂಡಪ್ಪ, ಅಮೀನ್ ಅಹಮದ್ ಮೊದಲಾದವರು ಈ ಬಳಗದವರು. ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆ ಅಲ್ಲ, ಜಿಲ್ಲೆಯವರೇ ಕಟ್ಟಿಕೊಂಡದ್ದು. ಕಾಡುಪ್ರಾಣಿ ಅಂದರೆ ನಾಗರಹೊಳೆ, ಬಂಡೀಪುರ, ಹುಲಿ, ಆನೆ ಅಂತಲೇ ಎಲ್ಲರೂ ತಿಳಿದಿದ್ದ ಕಾಲದಲ್ಲಿ ತುಮಕೂರಿನಂಥ ಬರಗಾಲದ ಜಿಲ್ಲೆಯ ಕೆರೆ, ಗುಡ್ಡ, ಹುಲ್ಲುಬಯಲು ಸುತ್ತಿ ಏನೇನಿದೆ ಅಂತ ಬರೆದಿಟ್ಟರು. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಅದೇ. ಭಾಷಣ ಮಾಡುವವರು ಬಹಳ ಮಂದಿ, ಬಿಸಿಲಲ್ಲಿ ನಿಂತು ಎಣಿಸುವವರು ಕಡಿಮೆ.

ಎಣಿಸುವುದು ಹೇಳಿದಷ್ಟು ಸುಲಭ ಅಲ್ಲ. ಬಯಲಲ್ಲಿ ಹಿಂಡು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಿದರೆ ಅದೇ ಜಿಂಕೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಹಲವು ಜನ ಹಲವು ಕಡೆ ಒಂದೇ ಹೊತ್ತಿಗೆ ನಿಂತು, ಗಂಡೆಷ್ಟು, ಹೆಣ್ಣೆಷ್ಟು, ಮರಿ ಎಷ್ಟು, ಹಿಂಡು ಯಾವ ದಿಕ್ಕಿಗೆ ಹೋಯಿತು, ಗಂಟೆ ಎಷ್ಟು ಅಂತ ಬರೆದು ಆಮೇಲೆ ಕೂಡಿಸಬೇಕು. ಮರಿಗಳ ಲೆಕ್ಕ ಮುಖ್ಯ. ಮರಿ ಇಲ್ಲದ ಹಿಂಡು ಎಷ್ಟು ದೊಡ್ಡದಾಗಿ ಕಂಡರೂ ಅದಕ್ಕೆ ನಾಳೆ ಇಲ್ಲ. ನಮ್ಮ ಕುರಿ ಹಟ್ಟಿಯ ಲೆಕ್ಕವೂ ಹೀಗೆಯೇ ತಾನೆ.

ಅನೇಕ ವರ್ಷದ ದಾಖಲೆ, ಅರ್ಜಿ, ಅರಣ್ಯ ಇಲಾಖೆಯ ಓಡಾಟದ ನಂತರ 2007ರಲ್ಲಿ ಕರ್ನಾಟಕ ಸರಕಾರ ಈ ಜಾಗವನ್ನು 'ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು' ಅಂತ ಘೋಷಿಸಿತು. ವಿಸ್ತೀರ್ಣ 798 ಎಕರೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರು, ಅಂದರೆ ಸುಮಾರು 29 ಸಾವಿರ ಎಕರೆ. ಅದರ ಪಕ್ಕ ಮೈದನಹಳ್ಳಿ ಮೂವತ್ತಾರರಲ್ಲಿ ಒಂದು ಪಾಲು ಕೂಡ ಅಲ್ಲ. ಆದರೂ ರಾಣೆಬೆನ್ನೂರು ಬಿಟ್ಟರೆ ಒಂದೇ ಕಡೆ ಇಷ್ಟು ಕೃಷ್ಣಮೃಗ ಸಿಗುವುದು ರಾಜ್ಯದಲ್ಲಿ ಇಲ್ಲಿಯೇ ಅಂತ ಹೆಸರಾಗಿದೆ. 798 ಎಕರೆ ಅಂದರೆ ಒಂದು ಮಧ್ಯಮ ಗಾತ್ರದ ಊರಿನ ಹೊಲದಷ್ಟು. ಅಷ್ಟರಲ್ಲೇ ಹುಟ್ಟಿ, ಮೇದು, ಸಾಯುವ ಪ್ರಾಣಿ ಇದಲ್ಲ. ಅಲ್ಲೇ ತೊಡಕು ಶುರು.

ಕಾಯಿದೆಯಲ್ಲಿ ಕುರ್ಚಿ ಯಾರಿಗೆ

'ಅಭಯಾರಣ್ಯ' ಬೇರೆ, 'ಸಂರಕ್ಷಣಾ ಮೀಸಲು' ಬೇರೆ. ನಮ್ಮ ಜನ ಎರಡನ್ನೂ ಒಂದೇ ಅಂದುಕೊಂಡು ಹೊಲ ಹೋಯಿತು ಅಂತ ಹೆದರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ತಿದ್ದುಪಡಿ ತಂದು ಈ ಹೊಸ ವರ್ಗ ಮಾಡಿದರು. ಸರಕಾರಿ ಜಮೀನಿಗೆ ಮಾತ್ರ ಇದು ಅನ್ವಯ. ಘೋಷಿಸುವ ಮೊದಲು ಸುತ್ತಲ ಜನರ ಜೊತೆ ಮಾತಾಡಬೇಕು, ಅಲ್ಲಿ ವಾಸ ಇರುವವರ ಹಕ್ಕಿಗೆ ಧಕ್ಕೆ ಬರಬಾರದು. ಬೆಂಕಿ ಹಚ್ಚುವುದು, ವಿಷ ಇಡುವುದು ನಿಷೇಧ. ಉಸ್ತುವಾರಿಗೆ ಒಂದು ಸಮಿತಿ. ಅದರಲ್ಲಿ ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ, ಮೀಸಲು ಯಾವ ಗ್ರಾಮ ಪಂಚಾಯ್ತಿಯ ವ್ಯಾಪ್ತಿಗೆ ಬರುತ್ತದೋ ಆ ಪಂಚಾಯ್ತಿಯಿಂದ ಒಬ್ಬರು, ವನ್ಯಜೀವಿ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆ ಮತ್ತು ಪಶುಪಾಲನಾ ಇಲಾಖೆಯಿಂದ ಒಬ್ಬೊಬ್ಬರು.

ಓದಲು ಚೆನ್ನಾಗಿದೆ. ಪಂಚಾಯ್ತಿಗೂ ಕುರ್ಚಿ ಕೊಟ್ಟಿದ್ದಾರೆ, ನೇಚರ್ ಕ್ಲಬ್ಬಿನಂಥವರಿಗೂ ಕೊಟ್ಟಿದ್ದಾರೆ. ಆದರೆ ಆ ವಾಕ್ಯ ಇನ್ನೊಮ್ಮೆ ಓದಿ: 'ಮೀಸಲು ಯಾವ ಪಂಚಾಯ್ತಿಯ ವ್ಯಾಪ್ತಿಗೆ ಬರುತ್ತದೋ'. ಮೀಸಲು ಇರುವುದು ಕರ್ನಾಟಕದಲ್ಲಿ. ಜಿಂಕೆ ಮೇಯುವುದು ಎರಡೂ ಕಡೆ. ಬದುವಿನ ಆಚೆ ಆಂಧ್ರದ ಪಂಚಾಯ್ತಿಗೆ ಆ ಸಮಿತಿಯಲ್ಲಿ ಕುರ್ಚಿ ಇಲ್ಲ. ಅಲ್ಲಿನ ರೈತ ಕನ್ನಡದವನೇ ಇರಲಿ, ಮೈದನಹಳ್ಳಿಯಲ್ಲಿ ಅವನ ಸೋದರಮಾವನ ಮನೆಯೇ ಇರಲಿ, ಸಭೆಗೆ ಅವನು ಹೊರಗಿನವನು. ಬೆಳೆ ಹಾಳಾಯಿತು ಅಂತ ಅರ್ಜಿ ಕೊಡುವುದಿದ್ದರೆ ಹೊಲ ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದ ಅರಣ್ಯ ಕಚೇರಿಗೇ ಕೊಡಬೇಕು. ಪಹಣಿ ಒಂದು ಕಡೆ, ಪಟ್ಟಾದಾರ್ ಪಾಸ್ ಬುಕ್ ಒಂದು ಕಡೆ. ಮೀಸಲು ಕಾಯುವ ಕಚೇರಿ ಬೇರೆ, ಹೊಲ ನೋಡಬೇಕಾದ ಕಚೇರಿ ಬೇರೆ. ಎರಡರ ನಡುವೆ ಕಾಗದ ಓಡಾಡುವ ವೇಗ ಜಿಂಕೆಯದಲ್ಲ, ಆಮೆಯದು.

ಇದರಲ್ಲಿ ಇನ್ನೊಂದು ತಮಾಷೆ ಇದೆ. 2018ರಲ್ಲಿ ಆಂಧ್ರಪ್ರದೇಶ ಸರಕಾರ ತನ್ನ ರಾಜ್ಯ ಚಿಹ್ನೆಗಳನ್ನು ಹೊಸದಾಗಿ ಸಾರಿದಾಗ ರಾಜ್ಯ ಪ್ರಾಣಿ ಅಂತ ಹೆಸರಿಸಿದ್ದು ಇದೇ ಕೃಷ್ಣ ಜಿಂಕವನ್ನು. ಮೀಸಲು ಕರ್ನಾಟಕದ್ದು, ಬಿರುದು ಆಂಧ್ರದ್ದು, ಮೇವು ರೈತನದ್ದು. ಮನುಸ್ಮೃತಿಯಲ್ಲಿ ಕೂಡ ಕೃಷ್ಣಮೃಗ ತಾನಾಗಿ ತಿರುಗಾಡುವ ನೆಲವೇ ಯಜ್ಞಕ್ಕೆ ಯೋಗ್ಯ ಅಂತ ಬರೆದಿದೆಯಂತೆ. ಆ ಲೆಕ್ಕದಲ್ಲಿ ನಮ್ಮ ಸೀಮೆ ಪುಣ್ಯಭೂಮಿ. ಪುಣ್ಯಕ್ಕೆ ಬ್ಯಾಂಕಿನವರು ಸಾಲ ಮನ್ನಾ ಮಾಡುವುದಿಲ್ಲ, ಅಷ್ಟೇ.

ಹಾಗಂತ ಉರುಲು ಹಾಕಿ, ಬೇಲಿಗೆ ಕರೆಂಟು ಕೊಟ್ಟು ಪರಿಹಾರ ಹುಡುಕುವವರಿಗೆ ಒಂದು ಮಾತು. ಕೃಷ್ಣಮೃಗ ಕಾಯಿದೆಯ ಒಂದನೇ ಷೆಡ್ಯೂಲಿನ ಪ್ರಾಣಿ, ಹುಲಿ ಆನೆಗಳ ಸಾಲಿನದು. ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆಮನೆ, ಮೇಲೆ ದಂಡ. 1998ರಲ್ಲಿ ರಾಜಸ್ಥಾನದಲ್ಲಿ ಕೃಷ್ಣಮೃಗ ಬೇಟೆಯಾಡಿದ ಆರೋಪದ ಮೇಲೆ ದೊಡ್ಡ ಸಿನಿಮಾ ನಟರೇ ದಶಕಗಟ್ಟಲೆ ಕೋರ್ಟು ಅಲೆದದ್ದು ಎಲ್ಲರಿಗೂ ಗೊತ್ತು. ಅವರಿಗೆ ವಕೀಲರು ಇದ್ದರು. ನಮಗೆ ತಾಲ್ಲೂಕು ಕೋರ್ಟಿಗೆ ಹೋಗುವ ಬಸ್ ಚಾರ್ಜೇ ಭಾರ. ಅದಲ್ಲದೆ ಕರೆಂಟು ಬೇಲಿಗೆ ಜಿಂಕೆ ಬೀಳುವ ಮೊದಲು ಪಕ್ಕದ ಹೊಲದವನ ಎತ್ತು ಬೀಳುತ್ತದೆ, ಕೆಲವೊಮ್ಮೆ ಮನುಷ್ಯನೇ ಬೀಳುತ್ತಾನೆ.

ಬಯಲು ಕುಗ್ಗಿದ ಬಗೆ

ಜಿಂಕೆ ಹೆಚ್ಚಾಯಿತು ಅನ್ನುತ್ತೇವೆ. ಅರ್ಧ ನಿಜ. ಇನ್ನರ್ಧ, ಅದು ಮೊದಲು ಮೇಯುತ್ತಿದ್ದ ಜಾಗ ಕಡಿಮೆಯಾಯಿತು. ಗೋಮಾಳ, ಕಾವಲು, ಬಂಜರು ಅಂತ ದಾಖಲೆಯಲ್ಲಿ ಬರೆದ ಜಾಗಕ್ಕೆಲ್ಲ ಸರಕಾರದ ಕಣ್ಣಿನಲ್ಲಿ 'ಏನೂ ಇಲ್ಲದ ಜಾಗ' ಅಂತ ಅರ್ಥ. ಒಂದು ಕಾಲದಲ್ಲಿ ಅರಣ್ಯೀಕರಣ ಅಂದರೆ ನೀಲಗಿರಿ ನೆಡುವುದು ಅಂತಲೇ ಇತ್ತು, ರಾಣೆಬೆನ್ನೂರಿನ ಕೃಷ್ಣಮೃಗದ ಕಾಡಿನಲ್ಲೂ ನೀಲಗಿರಿಯೇ ಬೆಳೆಯಿತು. ಹುಲ್ಲಿನ ಮೇಲೆ ಮರ ನೆಟ್ಟರೆ ಕಾಡು ಆಗುತ್ತದೆ ಅಂತ ತಿಳಿದವರು, ಹುಲ್ಲೂ ಒಂದು ಕಾಡು ಅಂತ ತಿಳಿಯಲಿಲ್ಲ. ಕರ್ನಾಟಕ 2017ರಲ್ಲಿ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಚಳ್ಳಕೆರೆ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು, ಸುತ್ತ ಗೋಡೆ ಎದ್ದಿತು, ಕುರಿಗಾರರು ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಒಯ್ದರು.

ನಮ್ಮ ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಬಂತು, ಸುಮಾರು 13 ಸಾವಿರ ಎಕರೆ. ಅದು ರೈತರದೇ ಜಮೀನು, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ ಗುತ್ತಿಗೆಯಿಂದ ಶುರು. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿಯಲ್ಲಿ ಅಷ್ಟು ಉಳಿಯುವುದಿಲ್ಲ, ಕೊಟ್ಟವರನ್ನು ದೂರುವಂತಿಲ್ಲ. ಆದರೆ ಕಂಪೌಂಡು ಹಾಕಿದ ಮೇಲೆ ಅಲ್ಲಿ ಕುರಿಯೂ ಹೋಗುವುದಿಲ್ಲ, ಜಿಂಕೆಯೂ ಹೋಗುವುದಿಲ್ಲ. ಎರಡೂ ಉಳಿದ ಬಯಲಿಗೆ ಬರುತ್ತವೆ, ಬಯಲು ಸಾಲದಿದ್ದರೆ ಹೊಲಕ್ಕೆ ಬರುತ್ತವೆ.

ಇನ್ನು ಹಿಡಿದು ಬೇರೆ ಕಡೆ ಬಿಡಬಾರದೇ ಅಂತ ಊರಲ್ಲಿ ಕೇಳುತ್ತಾರೆ. ಈ ಪ್ರಾಣಿಯನ್ನು ಹಿಡಿಯುವುದೇ ಕಷ್ಟ. ಗಾಬರಿ ಬಿದ್ದರೆ ಎದೆ ಒಡೆದು ಸಾಯುವಷ್ಟು ಸೂಕ್ಷ್ಮ. 2025ರಲ್ಲಿ ಮಧ್ಯಪ್ರದೇಶದ ಶಾಜಾಪುರ ಕಡೆ ರೈತರ ಗೋಳು ತಾಳಲಾರದೆ ಹೆಲಿಕಾಪ್ಟರಿನಿಂದ ಮೆಲ್ಲಗೆ ಅಟ್ಟಿ, ಬಟ್ಟೆ ಕಟ್ಟಿದ ಲಾಳಿಕೆಯಂಥ ಆವರಣಕ್ಕೆ ತೂರಿಸಿ, ಎಂಟು ನೂರಕ್ಕೂ ಮಿಕ್ಕಿ ಕೃಷ್ಣಮೃಗಗಳನ್ನು ಹಿಡಿದು ಗಾಂಧಿಸಾಗರ ಮೊದಲಾದ ಕಡೆ ಸಾಗಿಸಿದರು. ದಕ್ಷಿಣ ಆಫ್ರಿಕದವರ ವಿದ್ಯೆ ಅದು. ಅರಿವಳಿಕೆ ಮದ್ದಿನ ಬಂದೂಕು ಬಳಸಲಿಲ್ಲ. ಅಂದರೆ ಸಾಧ್ಯ ಇದೆ. ನಮ್ಮಲ್ಲಿ ಮಾಡುವುದಾದರೆ ಹಿಡಿಯುವ ರಾಜ್ಯ ಯಾವುದು, ಬಿಡುವ ರಾಜ್ಯ ಯಾವುದು ಅನ್ನುವುದೇ ಮೊದಲ ಪ್ರಶ್ನೆ ಆಗುತ್ತದೆ.

ಹುಣಸೆ ಮರದ ಬಾಣಂತಿಯರು

ನೇಚರ್ ಕ್ಲಬ್ಬಿನವರ ಇನ್ನೊಂದು ಕೆಲಸ ನಮ್ಮ ಪಡುವಣ ಬದಿಗಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತಿದ್ದುದನ್ನು 1999ರಲ್ಲಿ ಹೊರಗಿನವರಿಗೆ ತಿಳಿಸಿದವರೂ ಇವರೇ. ಊರಿನವರು ಅದಕ್ಕೂ ಮುಂಚಿನಿಂದ ಕಲ್ಲು ಹೊಡೆಯದೆ, ಹೊಡೆಯಲು ಬಿಡದೆ ಕಾಪಾಡಿಕೊಂಡು ಬಂದಿದ್ದರು. ಮೂಡಣ ಬದಿಗೆ, ನಮ್ಮ ಜಿಲ್ಲೆಯ ಚಿಲಮತ್ತೂರು ಮಂಡಲದ ವೀರಾಪುರಂ ಅಂತೂ ಈ ಹಕ್ಕಿಯಿಂದಲೇ ಹೆಸರಾದ ಊರು, ಅಲ್ಲಿನ ತೆಲುಗು ಜನ ಅವನ್ನು ಮನೆಮಕ್ಕಳಂತೆ ನೋಡುತ್ತಾರೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಅಲ್ಲಿ ಹೆಜ್ಜಾರ್ಲೆ ಬಳಗ ಅನ್ನುವ ಊರವರದೇ ಗುಂಪು ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಕೊಟ್ಟು ಸಾಕಿ ಹಾರಲು ಬಿಡುತ್ತದೆ.

ಮಾತು ಸಿಹಿ, ಮರದ ಲೆಕ್ಕ ಹುಳಿ. ಹಿಂದೂಪುರದ ಹುಣಸೆ ಮಾರುಕಟ್ಟೆಗೆ ಹೋಗುವ ಕರಿಪುಳಿ, ಫ್ಲವರ್ ಎರಡರ ಧಾರಣೆಯೂ ಈ ಪುಟದ ಓದುಗರಿಗೆ ಬಾಯಿಪಾಠ. ಹುಣಸೆ ಬಡಿಯುವ ಹೊತ್ತೂ ಹಕ್ಕಿ ಬಂದು ಗೂಡಿಗೆ ಕಡ್ಡಿ ಒಟ್ಟುವ ಹೊತ್ತೂ ಹೆಚ್ಚುಕಮ್ಮಿ ಒಂದೇ. ಮರ ಹತ್ತಿ ಕೊಂಬೆ ಅಲ್ಲಾಡಿಸಿದರೆ ಹಕ್ಕಿ ಎದ್ದು ಹೋಗುತ್ತದೆ. ಹಕ್ಕಿ ಕೂತರೆ ಹಿಕ್ಕೆಯ ಉರಿಗೆ ಎಲೆ ಸುಡುತ್ತದೆ, ಮುಂದಿನ ವರ್ಷದ ಹೂ ಕಮ್ಮಿಯಾಗುತ್ತದೆ. ಕೊಕ್ಕರೆ ಬೆಳ್ಳೂರಿನಲ್ಲಿ ಗೂಡಿರುವ ಮರದ ಯಜಮಾನನಿಗೆ ಅರಣ್ಯ ಇಲಾಖೆ ಮರಕ್ಕಿಷ್ಟು ಅಂತ ಹಣ ಕೊಡುವ ಪದ್ಧತಿ ಮಾಡಿತು. ಊರಿನವರು ಮರದ ಕೆಳಗೆ ಕೆರೆಗೋಡು ಹರಡಿ, ಹಿಕ್ಕೆ ಬಿದ್ದು ಬೆರೆತ ಮೇಲೆ ಅದನ್ನೇ ಗೊಬ್ಬರವಾಗಿ ಹೊಲಕ್ಕೆ ಒಯ್ದರು. ಹಕ್ಕಿಗೆ ನಿಂತ ಹುಣಸೆ ಮರವನ್ನು ಇಟ್ಟಿಗೆ ಗೂಡಿನವನಿಗೆ ಮಾರದೆ ಇರಬೇಕಾದರೆ ಯಜಮಾನನ ಕೈಗೆ ವರ್ಷ ವರ್ಷ ಏನಾದರೂ ಬರಬೇಕು. ಭಕ್ತಿ ಒಂದು ತಲೆಮಾರು ಕಾಯುತ್ತದೆ, ಮಗನ ಕಾಲಕ್ಕೆ ಲೆಕ್ಕ ಕೇಳುತ್ತಾನೆ.

ಮರಕ್ಕೆ ಹಣ ಕೊಡುವುದು ಸುಲಭ, ಮರ ಜಾಗ ಬಿಟ್ಟು ಏಳುವುದಿಲ್ಲ. ಜಿಂಕೆಗೆ ಆ ಲೆಕ್ಕ ಹಾಕಲು ಎರಡು ರಾಜ್ಯದವರು ಒಂದು ಕಡೆ ಕೂರಬೇಕು. ನನಗೆ ತೋಚುವುದು ಇಷ್ಟು. ಮೈದನಹಳ್ಳಿ ಸಮಿತಿ ಸೇರುವ ದಿನ ಆಂಧ್ರದ ಅಂಚಿನ ಪಂಚಾಯ್ತಿಯವರನ್ನೂ ಕರೆದು ಕೂರಿಸಲಿ. ಕಾಯಿದೆಯಲ್ಲಿ ಕುರ್ಚಿ ಇಲ್ಲದಿದ್ದರೆ ಬೆಂಚು ಹಾಕಲಿ. ಎಣಿಕೆ ಮಾಡುವ ದಿನ ಎರಡೂ ಕಡೆ ಒಟ್ಟಿಗೆ ಮಾಡಲಿ, ಆಗ ಯಾರ ಹೊಲದಲ್ಲಿ ಎಷ್ಟು ಅಂತ ಕಾಗದದ ಮೇಲೆ ಬರುತ್ತದೆ. ಹಾಳಾದ ಬೆಳೆಯ ಫೋಟೋ, ಸರ್ವೆ ನಂಬರು, ತಾರೀಕು ರೈತರೇ ಬರೆದಿಟ್ಟುಕೊಳ್ಳಲಿ. ತುಮಕೂರಿನ ಬಳಗದವರು ಬರೆದಿಟ್ಟದ್ದರಿಂದಲೇ ಜಿಂಕೆಗೆ 798 ಎಕರೆ ಸಿಕ್ಕಿತು. ನಾವೂ ಬರೆದಿಡದೆ ಬರೀ ಟೀ ಅಂಗಡಿಯಲ್ಲಿ ಬೈದರೆ ಕಚೇರಿಯವರಿಗೆ ಕೇಳಿಸುವುದಿಲ್ಲ.

ಕಡೆಯದಾಗಿ ಹೊಲಕ್ಕೆ ಹೋಗುವವರಿಗೆ ಒಂದು ಸೂಚನೆ. ಕಡ್ಲೆಕಾಯಿ ಸಾಲಿನ ನಡುವೆ ಒಂಟಿ ಜಿಂಕೆಮರಿ ಮುದುರಿ ಮಲಗಿದ್ದರೆ ಅದು ತಬ್ಬಲಿ ಅಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಮರಿಯನ್ನು ಹೀಗೆ ಅಡಗಿಸಿಟ್ಟು ದೂರ ಮೇಯುತ್ತಿರುತ್ತದೆ, ಹಾಲು ಕೊಡುವ ಹೊತ್ತಿಗೆ ಬರುತ್ತದೆ. ಪಾಪ ಅಂತ ಎತ್ತಿ ಮನೆಗೆ ತಂದು ಎಮ್ಮೆ ಹಾಲು ಕುಡಿಸಿದರೆ ಮರಿ ಉಳಿಯುವುದು ಅಪರೂಪ, ಮೇಲೆ ಕೇಸು ಬೇರೆ. ನಾಯಿಗಳನ್ನು ಮಾತ್ರ ಆ ಕಡೆ ಬಿಡಬೇಡಿ. ನಾಯಿ ಕಚ್ಚಿದ್ದರೆ, ಬಾವಿಗೆ ಬಿದ್ದಿದ್ದರೆ ಹತ್ತಿರದ ಅರಣ್ಯ ಕಚೇರಿಗೆ ತಿಳಿಸಿ. ಮಡಕಶಿರಾದ ಹೊಲವಾದರೆ ಆಂಧ್ರದವರಿಗೆ, ಮಧುಗಿರಿಯ ಹೊಲವಾದರೆ ಕರ್ನಾಟಕದವರಿಗೆ. ಬದುವಿನ ಮೇಲೆಯೇ ಮಲಗಿದ್ದರೆ ಇಬ್ಬರಿಗೂ ಫೋನ್ ಮಾಡಿ, ಮೊದಲು ಬಂದವರು ನೋಡಿಕೊಳ್ಳಲಿ.